ಅಕ್ಕನ ದುಡ್ಡು ಬಂದ ರಾತ್ರಿಗಳು

ಅಕ್ಕ, ತಮ್ಮ ಇಬ್ಬರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ.

ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಮೊದಲು ಬಂದವರು ಅಕ್ಕ. ಸುಮಾ ಎಂದಿಟ್ಟುಕೊಳ್ಳೋಣ. ವಯಸ್ಸು 31. ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ, ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ. ಜೊತೆಗಿರುವ ತಮ್ಮ ಕಿರಣನಿಗೆ 25. ಎಂಜಿನಿಯರಿಂಗ್ ಮುಗಿಸಿ ಎರಡೂವರೆ ವರ್ಷವಾದರೂ ಕೆಲಸ ಸಿಕ್ಕಿಲ್ಲ. ಅಪ್ಪ, ಅಮ್ಮ ತುಮಕೂರು ಕಡೆ ಹಳ್ಳಿಯಲ್ಲಿದ್ದಾರೆ.

ಕಿರಣನ ಫೋನ್ ರಿಪೇರಿಗೆ ಹೋಗಿದ್ದಾಗ ಅವನು ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಿ ಹಾಗೇ ಬಿಟ್ಟಿದ್ದ. ಅವನು ಬರೆದಿದ್ದ ಕಾಮೆಂಟುಗಳೆಲ್ಲ ಸುಮಾ ಕಣ್ಣಿಗೆ ಬಿದ್ದವು. ಹೆಣ್ಣುಮಕ್ಕಳ ಉಚಿತ ಬಸ್ಸಿನ ಸುದ್ದಿಯ ಕೆಳಗೆ, ಯಾರೋ ಹುಡುಗಿ ಕಿರುಕುಳದ ದೂರು ಕೊಟ್ಟ ಸುದ್ದಿಯ ಕೆಳಗೆ, ಎಲ್ಲ ಕಡೆ ‘ಫೆಮಿನಾಜಿ’, ‘ಹುಸಿ ಫೆಮಿನಿಸ್ಟ್’ ಇದ್ದವು. ಹುಡುಗಿಯ ಪರವಾಗಿ ಮಾತಾಡಿದ ಗಂಡಸರಿಗೆ ‘ಸಿಂಪ್’ ಎಂಬ ಬಿರುದು. ಅದನ್ನೆಲ್ಲ ಓದಿ ಬೇಜಾರಾದರೂ ಅವರು ತಡೆದುಕೊಂಡಿದ್ದರಂತೆ. ತಡೆಯಲಾಗದ್ದು ಒಂದೇ ಒಂದು: ‘ನಮ್ಮನೇಲೂ ಒಬ್ಳು ಫೆಮಿನಿಸ್ಟ್ ಇದಾಳೆ. ಸಂಬಳದ ಕೊಬ್ಬು. ಮೂವತ್ತು ದಾಟಿದ್ರೂ ಯಾವನೂ ಒಪ್ತಿಲ್ಲ.’

“ಅದನ್ನ ಓದಿ, ಎದ್ದು ಹೋಗಿ ಅವನಿಗೇ ಚಪಾತಿ ಲಟ್ಟಿಸಿದೆ ಮೇಡಂ. ಆಮೇಲೆ ನನ್ನ ಮೇಲೇ ನನಗೆ ಹೇಸಿಗೆ ಆಯ್ತು,” ಎಂದರು. ಕಣ್ಣೊರೆಸಿಕೊಂಡು ಒಂದು ಮಾತು ಸೇರಿಸಿದರು: “ನಾನೇನು ಫೆಮಿನಿಸ್ಟ್ ಅಲ್ಲ ಮೇಡಂ. ಗಂಡಸರನ್ನೆಲ್ಲ ಬೈಕೊಂಡು ಓಡಾಡೋಳಲ್ಲ.”

ಈ ಮಾತನ್ನು ನಾನು ಹಲವು ವರ್ಷಗಳಿಂದ ಕೇಳುತ್ತಿದ್ದೇನೆ. ತನ್ನ ಸಂಬಳ ತನ್ನ ಕೈಯಲ್ಲಿರಬೇಕು, ಹೊಡೆಸಿಕೊಂಡು ಬಾಳಬಾರದು, ಮದುವೆ ತನ್ನ ಒಪ್ಪಿಗೆಯಿಂದಲೇ ಆಗಬೇಕು ಎಂದು ಗಟ್ಟಿಯಾಗಿ ನಂಬಿದ ಹೆಂಗಸೂ ಆ ಹೆಸರನ್ನು ಮಾತ್ರ ಮೈಗಂಟಿದ ಕೆಸರಿನಂತೆ ಕೊಡವಿಕೊಳ್ಳುತ್ತಾಳೆ. ತಮ್ಮ ಆ ಪದವನ್ನು ಬೈಗುಳ ಮಾಡಿದ್ದ, ಅಕ್ಕ ಬೈಗುಳವೆಂದೇ ಒಪ್ಪಿಕೊಂಡಿದ್ದರು. ಅದರ ಅರ್ಥವೇನೆಂದು ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ.

ಸುಮಾಗೆ ಅವತ್ತು ಹೇಳಿದ್ದಿಷ್ಟು. ಅಪ್ಪ, ಅಮ್ಮನಿಗೆ ಫೋನ್ ಮಾಡಿ ಪಂಚಾಯಿತಿ ಸೇರಿಸಬೇಡಿ. ಸ್ತ್ರೀವಾದ ಸರಿಯೋ ತಪ್ಪೋ ಎಂಬ ಚರ್ಚೆಗೂ ಇಳಿಯಬೇಡಿ. ಹಗಲು ಹೊತ್ತಲ್ಲಿ ಎದುರು ಕೂತು, ‘ನೀನು ಬರೆದಿದ್ದನ್ನ ಓದಿದೀನಿ, ಮೂವತ್ತು ದಾಟಿದ ಮಾತು ನಂಗೆ ಚುಚ್ಚಿದೆ’ ಎಂದು ಹೇಳಿ ಎದ್ದುಬಿಡಿ. ಅವನನ್ನು ತಿದ್ದುವ ಜವಾಬ್ದಾರಿ ನಿಮ್ಮದಲ್ಲ. ಬಾಡಿಗೆ, ಅಡುಗೆಯ ಜೊತೆಗೆ ಅದನ್ನೂ ಹೊರಬೇಡಿ.

ಮೂರು ದಿನ ಅವನು ಮಾತು ಬಿಟ್ಟಿದ್ದನಂತೆ. ನಾಲ್ಕನೇ ದಿನ ನನ್ನ ನಂಬರ್ ಕೇಳಿ ಇಸಿದುಕೊಂಡ.

ಬಂದವನು ಕೂರಲೂ ಇಲ್ಲ. “ನೀವೂ ಫೆಮಿನಿಸ್ಟಾ ಮೇಡಂ?” ಎಂದ. ಆಪ್ತಸಲಹೆಗಾರರು ತಮ್ಮ ಅಭಿಪ್ರಾಯವನ್ನು ಮುಂದಿಡಬಾರದೆಂದು ನಮಗೆ ಕಲಿಸಿರುತ್ತಾರೆ. ಆದರೆ ಎದುರಿಗೆ ನಿಂತು ಕೇಳಿದ ಹುಡುಗನ ಹತ್ತಿರ ಜಾರಿಕೊಂಡರೆ ಮುಂದಿನದಕ್ಕೆಲ್ಲ ಬೆಲೆ ಇರುವುದಿಲ್ಲ. “ಹೌದು,” ಎಂದೆ. “ಹೆಣ್ಣು ಅನ್ನೋ ಕಾರಣಕ್ಕೆ ಯಾರಿಗೂ ಕಡಿಮೆ ಸಿಗಬಾರದು ಅಂತ ನಂಬಿದೀನಿ. ಆ ಪದಕ್ಕೆ ನೀವು ಕೊಡೋ ಅರ್ಥ ಏನು ಅಂತ ಹೇಳಿ, ಕೇಳ್ತೀನಿ.” ಆಗ ಕೂತ.

ಒಂದೇ ಉಸಿರಿಗೆ ಪಟ್ಟಿ ಕೊಟ್ಟ: ಗಂಡ, ಅವನ ಮನೆಯವರ ಕ್ರೌರ್ಯದ ವಿರುದ್ಧ ಹೆಂಡತಿ ದೂರು ಕೊಡುವ 498ಎ ಕಲಮಿನ ಸುಳ್ಳು ಕೇಸುಗಳು, ಗೃಹಲಕ್ಷ್ಮಿಯ ಎರಡು ಸಾವಿರ, ಬಸ್ಸಲ್ಲಿ ಲೇಡೀಸ್ ಸೀಟು, ಗಂಡಸರ ಆತ್ಮಹತ್ಯೆ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟೆಕ್ಕಿಯೊಬ್ಬರು ಹೆಂಡತಿಯ ಕಡೆಯವರ ಮೇಲೆ ಆರೋಪ ಹೊರಿಸಿ ಜೀವ ಕಳೆದುಕೊಂಡಿದ್ದರು. ಆ ವಿಡಿಯೋ ನೋಡಿದ ರಾತ್ರಿ ನಿದ್ದೆ ಬರಲಿಲ್ಲ ಎಂದ. ಅದಾದ ಮೇಲೆ ಫೋನು ಅಂಥವನ್ನೇ ಒಂದರ ಹಿಂದೊಂದು ತೋರಿಸತೊಡಗಿತು. ನಾನು ಎದುರಾಡಲಿಲ್ಲ. ಅವನು ತಂದದ್ದರಲ್ಲಿ ನಿಜವಾದ ನೋವೂ ಇತ್ತು.

ಆತ್ಮಹತ್ಯೆಯ ವಿಷಯಕ್ಕೆ ಬಂದಾಗ ದನಿ ಇಳಿಯಿತು. ಅಂಕಿ ಅವನ ಬಾಯಲ್ಲೇ ಇತ್ತು: ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ, ಅವರಲ್ಲಿ ಶೇ. 72ರಷ್ಟು ಗಂಡಸರು. ಅಂಕಿ ಸರಿಯಾಗಿತ್ತು. “ಆ ಲೆಕ್ಕಕ್ಕೆ ನಾನೂ ಸೇರಿಬಿಡ್ತೀನೇನೋ ಅಂತ ಯಾವತ್ತಾದ್ರೂ ಅನ್ಸಿತ್ತಾ?” ಎಂದು ನೇರವಾಗಿ ಕೇಳಿದೆ. ತುಂಬಾ ಹೊತ್ತು ನೆಲ ನೋಡಿದ. “ಒಂದ್ಸಲ. ಹೋದ ವರ್ಷ. ಟೆರೇಸ್ ಮೇಲೆ.” ಸುಮಾಗೆ ಅದು ಗೊತ್ತೇ ಇರಲಿಲ್ಲ.

ಉಳಿದ ಮಾತನ್ನೆಲ್ಲ ಅಲ್ಲಿಗೇ ನಿಲ್ಲಿಸಿದೆ. ಆ ಯೋಚನೆ ಈಗಲೂ ಬರುತ್ತದೆಯೇ, ಬಂದರೆ ಯಾರಿಗೆ ಹೇಳುತ್ತೀರಿ, ರಾತ್ರಿ ಒಬ್ಬರೇ ಟೆರೇಸಿಗೆ ಹೋಗದಿರಲು ಏನು ಮಾಡಬೇಕು ಎಂದು ಒಂದೊಂದಾಗಿ ಕೇಳಿ ಬರೆಸಿದೆ. ಮನೋವೈದ್ಯರೊಬ್ಬರಿಗೆ ತೋರಿಸಲು ಚೀಟಿ ಕೊಟ್ಟೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರನ್ನು ಅವನ ಫೋನಿಗೆ ನನ್ನ ಮುಂದೆಯೇ ಹಾಕಿಸಿದೆ. ದಿನದ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇಷ್ಟು ದಿನ ಯಾಕೆ ಯಾರಿಗೂ ಹೇಳಲಿಲ್ಲ ಎಂದದ್ದಕ್ಕೆ, “ಅಪ್ಪಂಗೆ ಹೇಳಿದ್ರೆ ಗಂಡಸಾಗಿ ಹಿಂಗಾಡ್ತೀಯಾ ಅಂತಾರೆ,” ಎಂದ. ಅವನ ಬಾಯಿ ಕಟ್ಟಿದ್ದ ಆ ಮಾತು ಯಾವ ಸ್ತ್ರೀವಾದಿಯದೂ ಆಗಿರಲಿಲ್ಲ. ಅದನ್ನು ಅವನಿಗೆ ಹೇಳಿದೆ. ಒಪ್ಪಲಿಲ್ಲ, ಆದರೆ ತಳ್ಳಿಹಾಕಲೂ ಇಲ್ಲ.

ಎರಡನೇ ಭೇಟಿಗೆ ಒಂದು ನೋಟ್‌ಬುಕ್ ತರಲು ಹೇಳಿದ್ದೆ. ಕಾಮೆಂಟು ಬರೆಯಬೇಡ ಎನ್ನಲಿಲ್ಲ. ಬರೆದಾಗ ಗಂಟೆ ಎಷ್ಟಾಗಿತ್ತು, ಅದಕ್ಕೂ ಮುಂಚೆ ಅವತ್ತು ಏನಾಗಿತ್ತು ಎಂದು ಗುರುತಿಟ್ಟುಕೊಳ್ಳಿ ಎಂದೆ. ನೀಲಿ ರಟ್ಟಿನ ಪುಸ್ತಕ, ನೀಟಾದ ಅಕ್ಷರ. ‘ಸೋಮವಾರ 11.40. ಸಂಜೆ ರಿಜೆಕ್ಷನ್ ಮೇಲ್.’ ‘ಗುರುವಾರ 12.15. ಅಕ್ಕ ಫೋನ್‌ಪೇಲಿ 500 ಹಾಕಿದ್ಲು.’ ‘ಶನಿವಾರ 11.10. ಅಕ್ಕ 300. ಕೇಳಿರ್ಲಿಲ್ಲ, ಅವಳೇ ಹಾಕಿದ್ಲು.’ ಎರಡು ವಾರದಲ್ಲಿ ಹನ್ನೊಂದು ಸಲ ಬರೆದಿದ್ದ, ಅದರಲ್ಲಿ ಏಳು ಅಕ್ಕನ ದುಡ್ಡು ಬಂದ ರಾತ್ರಿಗಳು. ಪುಸ್ತಕವನ್ನು ಅವನ ಕಡೆ ತಿರುಗಿಸಿಟ್ಟು ಸುಮ್ಮನೆ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಬಸ್ಸಿನ ವಿಷಯ ಅವನೇ ಎತ್ತಿದ. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅದಾಗಿ ಕೆಲವು ತಿಂಗಳಿಗೆ ಅಕ್ಕ, ತಮ್ಮ ಒಟ್ಟಿಗೆ ಮೆಜೆಸ್ಟಿಕ್‌ಗೆ ಹೊರಟಿದ್ದರು. ಕಂಡಕ್ಟರು ಸುಮಾ ಕೈಗೆ ಪಿಂಕ್ ಟಿಕೆಟ್ ಕೊಟ್ಟು ಇವನ ಮುಖ ನೋಡಿದರು. ಇವನು ಜೇಬಿಗೆ ಕೈಹಾಕುವಷ್ಟರಲ್ಲಿ ಅಕ್ಕ ಪರ್ಸ್ ತೆಗೆದು ಇವನ ಟಿಕೆಟ್ಟಿಗೂ ಕೊಟ್ಟರು. “ಹಿಂದಿನ ಸೀಟಲ್ಲಿದ್ದೋರೆಲ್ಲ ನೋಡ್ತಿದಾರೆ ಅನ್ನಿಸ್ತು ಮೇಡಂ.” ಯಾರೂ ನೋಡಿರಲಿಕ್ಕಿಲ್ಲ. ಆದರೆ ಕೆಲಸವಿಲ್ಲದ ಗಂಡುಮಗನಿಗೆ ಇಡೀ ಬಸ್ಸೇ ನೋಡಿದಂತಾಗುತ್ತದೆ.

ಅವನ ಬಾಯಲ್ಲಿ ‘ಫೆಮಿನಿಸ್ಟ್’ ಎಂದರೆ ಯಾರೆಂದು ನನಗೆ ತಿಳಿದದ್ದು ಆಗ. ಪರ್ಸ್ ತೆಗೆದ ಅಕ್ಕ. ಅವಳನ್ನು ಬೈಯಲು ಬಾಯಿ ಬರುವುದಿಲ್ಲ, ಉಣ್ಣುವುದು ಅವಳ ಅನ್ನ. ಹಾಗಾಗಿ ಗುರುತಿಲ್ಲದ ಹೆಂಗಸರನ್ನು ಬೈದ. ಬೈದಾಗ ಗುರುತಿಲ್ಲದ ಗಂಡಸರು ನೂರಾರು ಲೈಕು ಒತ್ತಿ ಬೆನ್ನು ತಟ್ಟಿದರು. ಎರಡೂವರೆ ವರ್ಷದಲ್ಲಿ ಅವನಿಗೆ ಭೇಷ್ ಎಂದ ಜಾಗ ಅದೊಂದೇ ಆಗಿತ್ತು.

ಇದು ಅರ್ಥವಾದ ಮಾತ್ರಕ್ಕೆ ಮಾಡಿದ್ದು ಸರಿಹೋಗುವುದಿಲ್ಲ ಎಂದೂ ಅವನಿಗೆ ಹೇಳಲೇಬೇಕಿತ್ತು. ದೂರು ಕೊಟ್ಟ ಆ ಹುಡುಗಿಯ ನಡತೆಯ ಬಗ್ಗೆ ಇವನು ಬರೆದದ್ದನ್ನು ನನ್ನೆದುರು ಗಟ್ಟಿಯಾಗಿ ಓದಲು ಹೇಳಿದೆ. ಎರಡನೇ ಸಾಲಿಗೇ ನಿಲ್ಲಿಸಿದ. “ಬರೀ ಕಾಮೆಂಟ್ ಅಲ್ವಾ ಮೇಡಂ...” ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆಯಿದೆ ಎಂದೆ. ಕ್ಷಮೆ ಕೇಳಬೇಕಾ ಎಂದ. ಕೇಳಿ, ಆದರೆ ಅವಳ ಇನ್‌ಬಾಕ್ಸಿಗೆ ಹೋಗಬೇಡಿ. ಬೈದವನೇ ಮನೆ ಬಾಗಿಲಿಗೆ ಬಂದ ಹಾಗಾಗುತ್ತದೆ, ಹೆದರುತ್ತಾಳೆ. ಬೈದ ಜಾಗದಲ್ಲೇ, ಎಲ್ಲರಿಗೂ ಕಾಣುವಂತೆ, ‘ನಾನು ಬರೆದಿದ್ದು ತಪ್ಪು, ತೆಗೆದಿದ್ದೇನೆ’ ಎಂದಷ್ಟೇ ಹಾಕಿ. ನಿಮ್ಮ ಕಷ್ಟದ ಕತೆ ಅಲ್ಲಿ ಬೇಡ. ಉತ್ತರಕ್ಕೂ ಕಾಯಬೇಡಿ. ಹಾಗೇ ಮಾಡಿದ. ಅದಕ್ಕೆ ಇಬ್ಬರು ಇವನನ್ನೇ ‘ಸಿಂಪ್’ ಎಂದರಂತೆ.

498ಎ (ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ) ಬಗ್ಗೆ ಮೂರನೇ ಭೇಟಿಯಲ್ಲಿ ಅವನೇ ಕೇಳಿದ. ದೂರು ಕೊಟ್ಟ ರಾತ್ರಿಯೇ ಇಡೀ ಮನೆಯವರನ್ನು ಜೈಲಿಗೆ ಹಾಕುತ್ತಾರೆಂದು ನಂಬಿದ್ದ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಅಗತ್ಯವನ್ನು ಬರೆದಿಡದೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಅವನಿಗೆ ಗೊತ್ತಿರಲಿಲ್ಲ. ಕಾನೂನಿನ ದುರುಪಯೋಗ ಆಗುವುದಿಲ್ಲವೆಂದು ನಾನು ವಾದಿಸಲಿಲ್ಲ, ಅದೇ ತೀರ್ಪಿನಲ್ಲಿ ಆ ಮಾತೂ ಇದೆ. ಆದರೆ 1983ರಲ್ಲಿ ಆ ಕಲಂ ಯಾಕೆ ಬಂತೆಂದು ಹೇಳಿದೆ. ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿ ಓದುತ್ತಲೇ ಬೆಳೆದವಳು ನಾನು. ಸ್ಟೋವು ಸೊಸೆಯಂದಿರಿಗೆ ಮಾತ್ರ ಯಾಕೆ ಸಿಡಿಯುತ್ತದೆಂದು ಬೀದಿಗಿಳಿದು ಕೇಳಿದವರನ್ನು ಸ್ತ್ರೀವಾದಿಗಳು ಎಂದರು. ಅವನು ಹುಟ್ಟುವ ಮುಂಚಿನ ಮಾತು. ಯಾರೂ ಅವನಿಗೆ ಹೇಳಿರಲಿಲ್ಲ.

ಮನೆಯ ವಿಷಯದಲ್ಲಿ ಇಬ್ಬರನ್ನೂ ಕೂರಿಸಿ ಸಲಹೆ ಕೊಟ್ಟೆ. ತಿಂಗಳಿಗೆ ಇಷ್ಟು ಎಂದು ಒಂದೇ ಸಲ ದುಡ್ಡು, ಕೆಲಸ ಸಿಕ್ಕ ಮೇಲೆ ತೀರಿಸುವ ಸಾಲವಾಗಿ, ಹಾಳೆಯ ಮೇಲೆ ಬರೆದು. ಕೇಳದೆ ಮುನ್ನೂರು, ಐನೂರು ಹಾಕುವುದನ್ನು ಸುಮಾ ನಿಲ್ಲಿಸಬೇಕು. ರಾತ್ರಿ ಅಡುಗೆ, ಪಾತ್ರೆ ಕಿರಣನದು. ಅದನ್ನು ಅಕ್ಕನಿಗೆ ಮಾಡುವ ‘ಹೆಲ್ಪ್’ ಎನ್ನಬಾರದು. ಅದಕ್ಕೂ ಮೊದಲು ಒಂದು ವಾರ ಯಾರು ಎಷ್ಟು ಹೊತ್ತು ಮನೆಗೆಲಸ ಮಾಡುತ್ತಾರೆಂದು ಅವನ ಕೈಯಲ್ಲೇ ಬರೆಸಿದೆ. ಆಫೀಸಿಗೆ ಹೋಗಿಬರುವ ಅಕ್ಕನದು ದಿನಕ್ಕೆ ಮೂರು ಗಂಟೆ, ಇಡೀ ದಿನ ಮನೆಯಲ್ಲಿರುವ ಅವನದು ಇಪ್ಪತ್ತು ನಿಮಿಷ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆಂದಿದೆ. “ಆ 88ಕ್ಕೂ ನಾನು ಬರಲ್ವಲ್ಲ,” ಎಂದ, ಪಾಪ, ನಿಜವಾಗಿ ನಾಚಿಕೊಂಡು.

ಊರಿನ ಎರಡು ಎಕರೆ ಪಿತ್ರಾರ್ಜಿತ ಜಮೀನಿನ ಮಾತು ಕೊನೆಗೆ ಬಂತು. ಸುಮಾ ಮದುವೆಗೆ ಮುಂಚೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ ಎಂದು ಅಪ್ಪ ಒಂದು ವರ್ಷದಿಂದ ಹೇಳುತ್ತಿದ್ದಾರೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ಕರ್ನಾಟಕದಲ್ಲಿ 1994ರಲ್ಲೇ ಕಾನೂನಾಯಿತು, ದೇಶಕ್ಕೆಲ್ಲ 2005ರಲ್ಲಿ. ಸಹಿ ಹಾಕುವುದು, ಬಿಡುವುದು ನಿಮ್ಮಿಷ್ಟ, ಆದರೆ ವಕೀಲರನ್ನು ಕಾಣದೆ, ತಮ್ಮನ ಮೇಲಿನ ಮರುಕಕ್ಕೆ ಹಾಕಬೇಡಿ ಎಂದು ಅವನೆದುರೇ ಹೇಳಿದೆ. ಕಿರಣ ಏನೂ ಮಾತಾಡಲಿಲ್ಲ.

ಈಗ ಆರು ತಿಂಗಳಾಗಿದೆ. ಅವನು ಔಷಧಿ ತೆಗೆದುಕೊಳ್ಳುತ್ತಿದ್ದಾನೆ, ಟ್ಯೂಷನ್ ಸೆಂಟರೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಾನೆ, ಸಾಲದ ಹಾಳೆಯಲ್ಲಿ ಎರಡು ಸಲ ‘ಮರುಪಾವತಿ’ ಎಂದು ಬರೆದಿದ್ದಾನೆ. ಸುಮಾ ಸಹಿ ಹಾಕಿಲ್ಲ. ಮೂವತ್ತು ದಾಟಿದ ಆ ಮಾತನ್ನು ಮರೆತೂ ಇಲ್ಲ. ಹೋದ ವಾರ ಒಬ್ಬರೇ ಬಂದಿದ್ದರು. “ಅವನು ಒಳ್ಳೆಯವನಾಗಿದಾನೆ ಅಂತ ನಾನು ಬೇಗ ಕ್ಷಮಿಸ್ಬೇಕಾ ಮೇಡಂ?” ಎಂದು ಕೇಳಿದರು. ಬೇಡ, ನಿಮ್ಮ ಮನಸ್ಸಿಗೆ ಬಂದಾಗ ಸಾಕು, ಬರದಿದ್ದರೂ ಸರಿಯೇ ಎಂದೆ. ಮುಂದಿನ ತಿಂಗಳು ಮತ್ತೆ ಬರುತ್ತಾರೆ.