ಗೇರ್‌ಬಾಕ್ಸ್ ಇಲ್ಲದೆ ರೆಗೇರಾ ಓಡುವುದು ಹೇಗೆ?

ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿಯ ರೆಗೇರಾ ಕಾರು ಗೇರ್‌ಬಾಕ್ಸ್ ಇಲ್ಲದೆ ಹೇಗೆ ಹೊರಡುತ್ತದೆ, ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರ್) ಅನ್ನೋದು ಸುಮ್ನೆ ಹೆಸರಿಗಾ ಎಂದು ಕೇಳಿದ್ದೀರಿ. ಖಂಡಿತ ಹೆಸರಿಗಲ್ಲ. ಅಲ್ಲಿ ಗೇರ್‌ಬಾಕ್ಸಿನ ಕೆಲಸವನ್ನೇ ವಿದ್ಯುತ್ ಮೋಟರ್‌ಗಳು ಮಾಡುತ್ತವೆ.

ಒಟ್ಟು ಮೂರು ಮೋಟರ್‌ಗಳಿವೆ. ಹಿಂದಿನ ಚಕ್ರಗಳಿಗೆ ತಲಾ ಒಂದು, ಎಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ಗೆ ಇನ್ನೊಂದು. ನಿಂತಲ್ಲಿಂದ ಹೊರಡುವಾಗಲೇ ಮೋಟರ್‌ಗಳಿಗೆ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ಸಿಗುತ್ತದೆ, ಅಲ್ವಾ? ಹಾಗಾಗಿ ಮೊದಲ ಗೇರು, ಎರಡನೇ ಗೇರು ಬೇಕಾಗುವುದೇ ಇಲ್ಲ. 5 ಲೀಟರ್ ವಿ8 ಎಂಜಿನ್ ಮತ್ತು ಚಕ್ರಗಳ ನಡುವೆ ಒಂದೇ ಗೇರ್ ಅನುಪಾತ, ಜೊತೆಗೆ ಅವೆರಡನ್ನೂ ದ್ರವದ ಮೂಲಕ ಜೋಡಿಸುವ ಒಂದು ಹೈಡ್ರಾಲಿಕ್ ಕಪ್ಲಿಂಗ್. ವೇಗ ಕಡಿಮೆ ಇದ್ದಾಗ ಅದು ಜಾರುತ್ತದೆ, ವೇಗ ಏರಿದ ಮೇಲೆ ಬಿಗಿಯಾಗಿ ಕೂರುತ್ತದೆ. ಆಮೇಲೆ ಎಂಜಿನ್ನಿನ ಶಕ್ತಿ ನೇರವಾಗಿ ಚಕ್ರಕ್ಕೆ. ಗೇರ್‌ಗಳಲ್ಲಿ ಪೋಲಾಗುವ ಶಕ್ತಿ ಉಳಿಯುತ್ತದೆ.

ಹೊಗೆ ಕಡಿಮೆ ಮಾಡುವ ವಿಷಯಕ್ಕೆ ಬಂದರೆ ನನಗೆ ಜಾಸ್ತಿ ಇಷ್ಟವಾಗುವುದು ಅವರ ಇನ್ನೊಂದು ಕಾರು, ಗೆಮೆರಾ. 2020ರಲ್ಲಿ ತೋರಿಸಿದಾಗ ಅದರಲ್ಲಿದ್ದದ್ದು 2 ಲೀಟರಿನ ಮೂರು ಸಿಲಿಂಡರ್ ಎಂಜಿನ್. ಶಕ್ತಿ ಮಾತ್ರ 600 ಎಚ್‌ಪಿ! ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ) ಇಲ್ಲ, ಗಾಳಿ-ಹೊಗೆಗೆ ಬಾಗಿಲಾದ ಒಂದೊಂದು ವಾಲ್ವೂ ಬೇರೆ ಬೇರೆಯಾಗಿ ತೆರೆಯುತ್ತದೆ. ಪೆಟ್ರೋಲ್ ಕಾರು ಹೆಚ್ಚು ವಿಷ ಉಗುಳುವುದು ತಣ್ಣಗಿರುವ ಎಂಜಿನ್ ಶುರುವಾದಾಗ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುವ ಮೊದಲು. ವಾಲ್ವ್‌ಗಳ ಮೇಲೆ ಇಷ್ಟು ಹಿಡಿತ ಇದ್ದರೆ ಕನ್ವರ್ಟರನ್ನು ಬೇಗ ಬಿಸಿ ಮಾಡಬಹುದು.

ಆದರೂ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಇಂಧನ ಸುರಿಯಲೇಬೇಕು. ರೆಗೇರಾ ಮಾಡಿದ್ದು ಬರೀ 80. ಅಷ್ಟು ಕಾರುಗಳಿಂದ ಗಾಳಿ ಶುದ್ಧವಾಗುವುದಿಲ್ಲ ನಿಜ. ಆದರೆ ಇಂಥ ಹೊಸ ಯೋಚನೆಯನ್ನು ರಸ್ತೆಗೆ ಇಳಿಸಿ ತೋರಿಸುವ ಧೈರ್ಯಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.