ಹಳೆಯ ಫೀಲ್ಡ್ ಕ್ಯಾಮೆರಾದ (ಮಡಚಿ ಒಯ್ಯುವ ದೊಡ್ಡ ಫಿಲ್ಮ್ ಕ್ಯಾಮೆರಾ) ಬೆಲ್ಲೋಸ್, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವೆ ತಿದಿಯಂತೆ ಹಿಗ್ಗಿ ಮಡಚಿಕೊಳ್ಳುವ ಚರ್ಮದ ಹೊದಿಕೆ, ತೂತಾಗಿದೆ. ಹೊಸದನ್ನೇ ಹಾಕಿಸಬೇಕೇ?

ಹೆಚ್ಚಿನ ಸಲ ಬೇಕಾಗುವುದಿಲ್ಲ. ಮಡಚಿ ಬಿಚ್ಚುವಾಗ ತೀರ ಸವೆಯುವುದು ಮಡಿಕೆಗಳ ಮೂಲೆ, ತೂತುಗಳೂ ಅಲ್ಲಿಯೇ. ಕತ್ತಲೆ ಕೋಣೆಯಲ್ಲಿ ಬೆಲ್ಲೋಸನ್ನು ಪೂರ್ತಿ ಹಿಗ್ಗಿಸಿ, ಒಳಗೆ ಸಣ್ಣ ಎಲ್‌ಇಡಿ ಟಾರ್ಚ್ ಇಟ್ಟು ಸುತ್ತಲೂ ನೋಡಿ. ಬೆಳಕು ಸೋರುವ ಕಡೆ ಬಿಳಿ ಪೆನ್ಸಿಲಿನಿಂದ ಗುರುತು ಹಾಕಿ.

ಸೂಜಿಮೊನೆಯಷ್ಟು ತೂತಿಗೆ ಕಪ್ಪು ಫ್ಯಾಬ್ರಿಕ್ ಪೇಂಟ್ ಬೆರೆಸಿದ ಬಿಳಿ ಪಿವಿಎ ಅಂಟು ಸಾಕು. ತೆಳುವಾಗಿ ಎರಡು ಮೂರು ಪದರ ಹಚ್ಚಿ, ಪೂರ್ತಿ ಒಣಗುವವರೆಗೆ ಹಿಗ್ಗಿಸಿಯೇ ಇಡಿ. ಹಸಿಯಿರುವಾಗ ಮಡಚಿದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಇನ್ನಷ್ಟು ಹರಿಯುತ್ತವೆ. ಸೀಳು ದೊಡ್ಡದಿದ್ದರೆ ತೆಳುವಾದ ಕಪ್ಪು ಬಟ್ಟೆಯ ತುಂಡನ್ನು ಒಳಗಿನಿಂದ ಅಂಟಿಸಿ. ದಪ್ಪ ತೇಪೆ ಮಾತ್ರ ಬೇಡವೇ ಬೇಡ: ಬೆಲ್ಲೋಸ್ ಸರಿಯಾಗಿ ಮಡಚಿಕೊಳ್ಳದೆ ಫಿಲ್ಮಿಗೆ ಹತ್ತಿರ ನಿಲ್ಲಬೇಕಾದ ವೈಡ್ ಲೆನ್ಸ್ ಫೋಕಸ್‌ಗೆ ಬರುವುದಿಲ್ಲ, ಕ್ಯಾಮೆರಾದ ಬಾಗಿಲೂ ಮುಚ್ಚುವುದಿಲ್ಲ. ಚರ್ಮ ಮೆತ್ತಗಾಗಲೆಂದು ಮೊದಲೇ ಎಣ್ಣೆ ಸವರಬೇಡಿ. ಆಮೇಲೆ ಅಂಟು ಹಿಡಿಯುವುದಿಲ್ಲ.

ಮುಟ್ಟಿದರೆ ಪುಡಿ ಉದುರುವಷ್ಟು ಚರ್ಮ ಸತ್ತಿದ್ದರೆ ತೇಪೆಯ ಶ್ರಮ ವ್ಯರ್ಥ, ಹೊಸದನ್ನೇ ಮಾಡಿಸಿ. ಆಗಲೂ ಹಳೆಯದನ್ನು ಎಸೆಯಬೇಡಿ: ಮಡಿಕೆಗಳ ಅಳತೆ ಅದರಿಂದಲೇ ಸಿಗಬೇಕು. ಈ ಕೆಲಸಕ್ಕೆ ಹಾರ್ಮೋನಿಯಂ ತಿದಿ ಕಟ್ಟುವವರನ್ನು ಧೈರ್ಯವಾಗಿ ಕೇಳಿ. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಸಂಗೀತ ವಾದ್ಯ ತಯಾರಿಸುವ ಮನೆತನದ ಕರುಣಾಕರನ್ ಅವರು ಒಂದು ಸ್ಟುಡಿಯೋ ಕ್ಯಾಮೆರಾದ ಬೆಲ್ಲೋಸ್ ಸರಿಪಡಿಸಿಕೊಟ್ಟರು. ಮುಂದೆ ಅವರೇ 'ವಾಗೀಶ್ವರಿ' ಎಂಬ ಫೀಲ್ಡ್ ಕ್ಯಾಮೆರಾವನ್ನೇ ತಯಾರಿಸಿದರು.

ದುರಸ್ತಿಯಾಗುವ ಮೊದಲೇ ಚಿತ್ರ ತೆಗೆಯಬೇಕಿದ್ದರೆ, ಡಾರ್ಕ್ ಸ್ಲೈಡ್ (ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚಿರುವ ತೆಳು ಹಲಗೆ) ಎಳೆಯುವ ಮುನ್ನ ಬೆಲ್ಲೋಸ್ ಮೇಲೆ ದಟ್ಟ ಕಪ್ಪು ಬಟ್ಟೆ ಹೊದಿಸಿ.