ವಾದ್ಯ ಪ್ರಶ್ನೋತ್ತರ: ಹೋದ ವರ್ಷದ ಸ್ಲೈಡ್ ಕ್ರೀಮ್ ಈ ವರ್ಷ ನಡೀತೈತೇನ್ರಿ?

ಪ್ರಶ್ನೆ: ಹೋದ ಗಣೇಶ ಹಬ್ಬಕ್ಕ ತೆಗೆದ ಟ್ರಾಂಬೋನ್ ಕ್ರೀಮಿನ ಡಬ್ಬಿ ಅರ್ಧ ಉಳದೈತಿ. ಮ್ಯಾಲೆ ಹಳದಿ ನೀರು ನಿಂತೈತಿ, ಕೆಳಗ ಗಟ್ಟಿ ಆಗೇತಿ. ಮುಗಿಯೋ ತಾರೀಖು ಬರದಿಲ್ಲ. ಕಲಸಿ ಹಚ್ಚಬಹುದೇನ್ರಿ?
– ಬ್ಯಾಂಡ್ ವಾದಕರು, ಹಳೇ ಹುಬ್ಬಳ್ಳಿ

ಉತ್ತರ: ಹಚ್ಚಬೇಡಿ. ಟ್ರಾಂಬೋನ್ ಎಂಬ ಊದುವ ಹಿತ್ತಾಳೆ ವಾದ್ಯದಲ್ಲಿ ಸ್ವರ ಬದಲಿಸಲು ಹಿಂದೆ ಮುಂದೆ ಸರಿಸುವ, ಒಂದರೊಳಗೊಂದು ಜಾರುವ ಕೊಳವೆಗಳೇ ಸ್ಲೈಡ್. ಅದು ಸಲೀಸಾಗಿ ಜಾರಲೆಂದು ಹಚ್ಚುವುದು ಈ ಕ್ರೀಮ್. ಕಲಸಿದರೆ ನೋಡಲು ಮತ್ತೆ ಕ್ರೀಮಿನಂತೆ ಕಾಣುತ್ತದೆ, ಅಷ್ಟೇ. ಇಂಥ ಕ್ರೀಮಿನಲ್ಲಿ ಎಣ್ಣೆ, ಮೇಣ, ನೀರು ಒಂದಾಗಿ ಬೆರೆತಿರುತ್ತವೆ. ಏಪ್ರಿಲ್-ಮೇ ಬಿಸಿಲಿಗೆ ತಗಡಿನ ಛಾವಣಿಯ ಕೋಣೆಯಲ್ಲೋ ನಿಲ್ಲಿಸಿಟ್ಟ ಟೆಂಪೋದಲ್ಲೋ ಡಬ್ಬಿ ಕಾದರೆ ಆ ಬೆರಕೆ ಬಿಟ್ಟುಕೊಳ್ಳುತ್ತದೆ. ಒಡೆದ ಹಾಲನ್ನು ಎಷ್ಟು ತಿರುವಿದರೂ ಹಾಲಾಗುವುದಿಲ್ಲವಲ್ಲ, ಹಾಗೆ. ಒಳಕೊಳವೆಯ ತುದಿಯ ಅರ್ಧ ಗೇಣು ಭಾಗ ಮಾತ್ರ ಒಂದಿಷ್ಟು ದಪ್ಪಗಿರುತ್ತದೆ. ಅದನ್ನೇ ಸ್ಟಾಕಿಂಗ್ ಅನ್ನುವುದು. ಸ್ಲೈಡ್ ಓಡುವುದು ಅದರ ಮೇಲೆ. ಅದಕ್ಕೂ ಹೊರಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಅಲ್ಲಿ ಮೇಣದ ಒಂದು ಹರಳು ಸಿಕ್ಕಿದರೂ ಸ್ಲೈಡ್ ತಡೆದು ತಡೆದು ಓಡುತ್ತದೆ.

ತಾರೀಖು ಇಲ್ಲದಿದ್ದರೆ ಡಬ್ಬಿಯ ತಳ ನೋಡಿ. ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರದೊಳಗೆ 12 ಎಂಬ ಅಂಕಿ, ಪಕ್ಕದಲ್ಲಿ ಇಂಗ್ಲಿಷಿನ ಎಂ ಅಕ್ಷರ ಇದ್ದರೆ, ತೆರೆದ ಮೇಲೆ 12 ತಿಂಗಳು ಎಂದರ್ಥ. ಮುಖಕ್ಕೆ ಹಚ್ಚುವ ಕೋಲ್ಡ್ ಕ್ರೀಮುಗಳ ಮೇಲೆ ಇದು ಸಾಮಾನ್ಯ, ವಾದ್ಯದ ಕ್ರೀಮುಗಳ ಮೇಲೆ ಹಲವು ಸಲ ಇರುವುದಿಲ್ಲ. ಅದಕ್ಕೇ ತೆರೆದ ದಿನವೇ ಮಾರ್ಕರಿನಿಂದ ತಾರೀಖು ಬರೆದುಬಿಡಿ. ಒಬ್ಬರೇ ಬಳಸುವ ಡಬ್ಬಿಗೆ ಒಂದು ವರ್ಷ, ತಂಡದ ನಾಲ್ಕು ಜನ ಬೆರಳು ಅದ್ದುವ ಡಬ್ಬಿಗೆ ಆರು ತಿಂಗಳು ಎಂದಿಟ್ಟುಕೊಳ್ಳುವುದು ಕ್ಷೇಮ. ಒದ್ದೆ ಬೆರಳಿನಿಂದ ಬೂಸ್ಟು, ಮೆರವಣಿಗೆಯ ಬೆರಳಿನಿಂದ ಗುಲಾಲು ಒಳಗೆ ಹೋಗುತ್ತವೆ. ಐಸ್‌ಕ್ರೀಮಿನ ಕಡ್ಡಿಯಿಂದ ತೆಗೆದುಕೊಂಡರೆ ಈ ತಾಪತ್ರಯವೇ ಇಲ್ಲ. ಒಣಗುತ್ತಿದೆ ಅಂತ ಡಬ್ಬಿಗೆ ನೀರು ಸೇರಿಸುವವರಿದ್ದಾರೆ, ಅದು ಕ್ರೀಮನ್ನು ಕೆಡಿಸುವ ಸುಲಭದ ದಾರಿ.

ಅನುಮಾನ ಬಂದರೆ ಒಂದು ಪರೀಕ್ಷೆ: ಜೋಳದ ಕಾಳಿನಷ್ಟು ಕ್ರೀಮನ್ನು ಸ್ಟೀಲ್ ತಟ್ಟೆಯ ಮೇಲೆ ತೆಳ್ಳಗೆ ಸವರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದರ ಮೇಲೆ ನೀರು ಸಿಂಪಡಿಸಿ ಬೆರಳಾಡಿಸಿ. ಜಾರಿದರೆ ಇಟ್ಟುಕೊಳ್ಳಿ. ಅಂಟಿದರೆ, ಕಾಳುಕಾಳಾಗಿ ಉರುಳಿದರೆ, ಕಮಟು ವಾಸನೆ ಬಂದರೆ ಎಸೆಯಿರಿ.

ಸೀಸೆಯಲ್ಲಿ ಬರುವ ಹಾಲಿನಂಥ ದ್ರವಕ್ಕೂ ಇದೇ ಗುಣ. ಅರ್ಧ ನಿಮಿಷ ಕುಲುಕಿ ಒಂದು ತಾಸು ನಿಲ್ಲಿಸಿ. ಕುಲುಕಿದರೂ ಒಂದಾಗದೆ ಗಂಟು ಉಳಿದರೆ ಅದರ ಆಯುಷ್ಯ ಮುಗಿಯಿತು. ಸ್ಲೈಡ್-ಓ-ಮಿಕ್ಸ್‌ನಂತೆ ಎರಡು ಸೀಸೆಯಲ್ಲಿ ಬರುವುದನ್ನು ಮೊದಲೇ ಬೆರೆಸಿಡಬಾರದು. ಅವು ಸ್ಟಾಕಿಂಗ್ ಮೇಲೆಯೇ ಕೂಡಬೇಕು. ಫ್ರೀಜರಿನಲ್ಲಂತೂ ಇಡಲೇಬೇಡಿ, ಹೆಪ್ಪುಗಟ್ಟಿ ಕರಗಿದ ಮೇಲೆ ಒಡೆಯುತ್ತದೆ. ಪೆಟ್ರೋಲಿಯಂ ಮೂಲದ ತೆಳು ಸ್ಲೈಡ್ ಆಯಿಲ್ ಮಾತ್ರ ಬೇರೆ ಜಾತಿ: ಅದು ಹಳಸುವುದಿಲ್ಲ, ಬಿಗಿ ಮುಚ್ಚಳವಿದ್ದರೆ ವರ್ಷಗಟ್ಟಲೆ ಇರುತ್ತದೆ. ಮುಚ್ಚಳ ಸಡಿಲವಿದ್ದರೆ ತೆಳು ಅಂಶ ಆರಿಹೋಗಿ ಮಂದವಾಗುತ್ತದೆ. ಬೆಂಕಿಗೆ ಬೇಗ ಸಿಗುವ ವಸ್ತುವಾದ್ದರಿಂದ ಪಟಾಕಿ ಚೀಲದ ಹತ್ತಿರ ಬೇಡ. ತಂಪು ಪಾನೀಯದ ಬಾಟಲಿಗೆ ಸುರಿದಿಡುವುದೂ ಬೇಡ, ಮಕ್ಕಳು ಕುಡಿದರೆ ಪುಪ್ಪುಸಕ್ಕೆ ಇಳಿದು ಜೀವಕ್ಕೇ ಅಪಾಯ.

ಪ್ರಶ್ನೆ: ಕ್ರೀಮ್ ಸಿಗದಿದ್ದಾಗ ಕೊಬ್ಬರಿ ಎಣ್ಣಿ ಇಲ್ಲಾ ಕುಸುಬಿ ಎಣ್ಣಿ ಹಚ್ಚತೀವಿ. ಎರಡು ದಿನಕ್ಕ ಸ್ಲೈಡ್ ಹಿಡಕೋತದ. ಯಾಕ?
– ಹಾವೇರಿಯ ಓದುಗರು

ಉತ್ತರ: ಕುಸುಬೆ ಎಣ್ಣೆ ರೊಟ್ಟಿ-ಪಲ್ಯಕ್ಕೆ ಸೊಗಸು, ಸ್ಲೈಡಿಗೆ ಶತ್ರು. ಅದು ಗಾಳಿಗೆ ತೆರೆದಿಟ್ಟರೆ ಒಣಗಿ ಪೊರೆಗಟ್ಟುವ ಎಣ್ಣೆ. ಆ ಗುಣಕ್ಕಾಗಿಯೇ ಚಿತ್ರಕಲೆಯ ಬಣ್ಣಗಳಲ್ಲಿ ಬಳಸುತ್ತಾರೆ. ನಿಮ್ಮ ಸ್ಲೈಡಿನ ಮೇಲೂ ಅದು ವಾರ್ನಿಷ್ ಬಳಿಯುತ್ತಿದೆ. ಕೊಬ್ಬರಿ ಎಣ್ಣೆ ಹಾಗೆ ಪೊರೆಗಟ್ಟದು, ಆದರೆ 24 ಡಿಗ್ರಿಗಿಂತ ಕೆಳಗೆ ಹೆಪ್ಪಾಗುತ್ತದೆ. ಪುಷ್ಯ ಮಾಸದ ನಸುಕಿನ ಪ್ರಭಾತಫೇರಿಗೆ ನುಡಿಸಲು ಹೊರಟರೆ ಸ್ಲೈಡ್ ಏಳುವುದೇ ಇಲ್ಲ.

ಅಂಗಡಿಯಲ್ಲಿ ಸಿಗುವ ಸಾದಾ ಕೋಲ್ಡ್ ಕ್ರೀಮ್ ಇವೆರಡಕ್ಕಿಂತ ವಾಸಿ. ಪಾಂಡ್ಸ್ ಕೋಲ್ಡ್ ಕ್ರೀಮನ್ನು ಟ್ರಾಂಬೋನಿನವರು ಬಹಳ ಕಾಲದಿಂದ ಬಳಸಿದ್ದಾರೆ. ಸ್ನೋ ಎಂದು ಕರೆಯುವ ವ್ಯಾನಿಶಿಂಗ್ ಕ್ರೀಮ್ ಬೇಡ, ಆರಿ ಬಿಳಿ ಪುಡಿ ಬಿಡುತ್ತದೆ. ಯಾವುದನ್ನೇ ಬದಲಿಸಿದರೂ ಹಳೆಯದನ್ನು ಪೂರ್ತಿ ತೆಗೆಯಬೇಕು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ತೊಳೆಯಿರಿ. ಕುದಿಯುವ ನೀರು ಬಳಸಿದರೆ ಲ್ಯಾಕರ್, ಅಂದರೆ ಹಿತ್ತಾಳೆಯ ಮೇಲಿನ ಹೊಳಪಿನ ಲೇಪ, ಹೋಗುತ್ತದೆ. ಸರಳಿಗೆ ತುದಿಯೂ ಕಾಣದಂತೆ ಮೆತ್ತನೆ ಬಟ್ಟೆ ಸುತ್ತಿ ಹೊರಕೊಳವೆಯ ಒಳಗೆ ಆಡಿಸಿ. ಯಾವ ಕೊಳವೆಗೆ ಸರಳು ಹಾಕಿದ್ದೀರೋ ಅದನ್ನೇ ಇನ್ನೊಂದು ಕೈಯಲ್ಲಿ ಹಿಡಿಯಿರಿ, ಆಚೆಯದನ್ನು ಹಿಡಿದರೆ ಸ್ಲೈಡ್ ತಿರುಚಿಕೊಳ್ಳುತ್ತದೆ. ಒಣಗಿದ ಮೇಲೆ ಒಂದೊಂದು ಸ್ಟಾಕಿಂಗಿಗೂ ಜೋಳದ ಕಾಳಿನಷ್ಟು ಕ್ರೀಮ್, ಮೇಲೆ ಎರಡು-ಮೂರು ಸಲ ನೀರಿನ ಸಿಂಪಡಿಕೆ, ಸಾಕು. ಹೆಚ್ಚಾದರೆ ಕಪ್ಪು ರಾಡಿಯಾಗುತ್ತದೆ.

ಪ್ರಶ್ನೆ: ಸಿಂಪಡಿಸೋ ನೀರು ಬೋರಿಂದು. ಒಳಕೊಳವಿ ಮ್ಯಾಲೆ ಬಿಳಿ ಕಲೆ ಬರತಾವ.
– ಗದಗ-ಬೆಟಗೇರಿ

ಉತ್ತರ: ಅದು ಸುಣ್ಣದಂಶ, ನಿಮ್ಮ ಮನೆಯ ಬಕೆಟ್ಟಿಗೆ ಕಟ್ಟುವಂಥದ್ದೇ. ಆರ್‌ಓ ನೀರು ಹಾಕಿ, ಇಲ್ಲವೇ ಡಿಸ್ಟಿಲ್ಡ್ ವಾಟರ್ ತನ್ನಿ. ಬ್ಯಾಟರಿ ಅಂಗಡಿಯಲ್ಲಿ ಕೊಳ್ಳುವಾಗ ಚೀಟಿ ಓದಿಕೊಳ್ಳಿ, ಅಲ್ಲಿ ಪಕ್ಕದಲ್ಲೇ ಆ್ಯಸಿಡ್ ಕ್ಯಾನೂ ಇರುತ್ತದೆ. ಸಿಂಪಡಿಸುವ ಬಾಟಲಿಯಲ್ಲಿ ಉಳಿದ ನೀರನ್ನು ಅಂದೇ ಚೆಲ್ಲಿ, ತಲೆಕೆಳಗೆ ಮಾಡಿ ಒಣಗಿಸಿ. ಇಲ್ಲವಾದರೆ ಲೋಳೆ ಕಟ್ಟುತ್ತದೆ.

ಪ್ರಶ್ನೆ: ಟ್ಯೂನಿಂಗ್ ಸ್ಲೈಡಿನ ಗ್ರೀಸನ್ನೇ ಕೈ ಸ್ಲೈಡಿಗೂ ಹಚ್ಚಿದರೆ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಓಡುವುದಿಲ್ಲ. ಗ್ರೀಸ್ ಇರುವುದೇ ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡನ್ನು ಇದ್ದಲ್ಲೇ ಹಿಡಿದಿಡಲು. ಅಲ್ಲಿಗೆ ವ್ಯಾಸಲೀನ್ ಆದರೂ ನಡೆಯುತ್ತದೆ. ಎರಡನ್ನೂ ಬೇರೆ ಬೇರೆ ಜಿಪ್ ಚೀಲದಲ್ಲಿ, ಮುಚ್ಚಳ ಮೇಲೆ ಮಾಡಿ ಇಡಿ. ಪೆಟ್ಟಿಗೆಯ ಒಳಗಿನ ಮಖಮಲ್ಲಿಗೆ ಎಣ್ಣೆ ಸೋರಿದರೆ ಅದು ಧೂಳು ಹಿಡಿದು ಮತ್ತೆ ಸ್ಲೈಡಿಗೇ ಬರುತ್ತದೆ.